20 ಅಡಿ ಅಗಲದ ನಿವೇಶನ: ಕೋಣೆಗಳಿಗಿಂತ ಮೊದಲು ಅಂಗಳ ಮತ್ತು ಮೆಟ್ಟಿಲು

ಪ್ರಶ್ನೆ: ನಮ್ಮ ನಿವೇಶನ 20 ಅಡಿ ಅಗಲ, 60 ಅಡಿ ಉದ್ದ. ಎರಡೂ ಪಕ್ಕದಲ್ಲಿ ನೆರೆಯವರ ಮನೆಗಳು ಗಡಿಯವರೆಗೆ ಬಂದಿವೆ. ನಿಯಮದ ಪ್ರಕಾರ ಮುಂದೆ 6 ಅಡಿ, ಹಿಂದೆ 4 ಅಡಿ ಬಿಡಬೇಕು. ಪಕ್ಕಗಳಲ್ಲಿ ಗಡಿಯವರೆಗೆ ಕಟ್ಟಬಹುದು. ನಾವಿಬ್ಬರು, ಓದುವ ಇಬ್ಬರು ಮಕ್ಕಳು, ನನ್ನ ತಂದೆ ತಾಯಿ. ತಂದೆಯವರಿಗೆ ಮಂಡಿನೋವಿದೆ. ನೆಲ ಅಂತಸ್ತು, ಮೊದಲ ಮಹಡಿ ಸೇರಿ ಕನಿಷ್ಠ ಮೂರು ಮಲಗುವ ಕೋಣೆ ಬೇಕು, ಒಂದು ಕಾರು ನಿಲ್ಲಬೇಕು. ನಕ್ಷೆ ಬರೆದವರು ಕೋಣೆಗಳನ್ನು ಮುಂದಿನಿಂದ ಹಿಂದಕ್ಕೆ ಸಾಲಾಗಿ ಇಟ್ಟು, ಒಂದು ಪಕ್ಕದಲ್ಲಿ ಉದ್ದಕ್ಕೂ ಮೂರೂವರೆ ಅಡಿ ಓಡಾಟದ ದಾರಿ ಬಿಟ್ಟಿದ್ದಾರೆ. ನಡುವಿನ ಕೋಣೆಗೆ ಕಿಟಕಿಯೇ ಇಲ್ಲ. ನಡುವೆ ಬಯಲು ಬಿಡೋಣ ಎಂದರೆ ಒಂದು ಕೋಣೆ ಕೈಬಿಟ್ಟು ಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ? ಮೆಟ್ಟಿಲು ಎಲ್ಲಿ ಇಡಬೇಕು?

ಉತ್ತರ: ನಿಜವಲ್ಲ. ನಿಮ್ಮ ಕೋಣೆಯನ್ನು ಆ ಓಡಾಟದ ದಾರಿ ಈಗಾಗಲೇ ನುಂಗಿ ಕೂತಿದೆ. ಮೂರೂವರೆ ಅಡಿ ಅಗಲ, 50 ಅಡಿ ಉದ್ದ ಎಂದರೆ 175 ಚದರ ಅಡಿ. ಎರಡು ಅಂತಸ್ತಿಗೆ 350. ಅಲ್ಲಿ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ. ಹಗಲಿನಲ್ಲೂ ದೀಪ ಹಾಕಿಕೊಂಡು ಅತ್ತಿಂದಿತ್ತ ನಡೆಯುವುದಷ್ಟೇ. ನಾನು ಕೆಳಗೆ ಸೂಚಿಸಲಿರುವ ಒಳ ಅಂಗಳ ಏಳೂವರೆ ಅಡಿಗೆ 10 ಅಡಿ, ಅಂದರೆ 75 ಚದರ ಅಡಿ. ಅದರ ಪಕ್ಕದ ದಾರಿ ಮೂರೂವರೆಗೆ 10, ಅಂದರೆ 35. ಎರಡೂ ಸೇರಿ 110. ಬಯಲು ಬಿಟ್ಟ ಮೇಲೂ ಪ್ರತಿ ಅಂತಸ್ತಿನಲ್ಲಿ 65 ಚದರ ಅಡಿ ನಿಮಗೇ ಉಳಿಯುತ್ತದೆ.

ಕಿರಿದಾದ ನಿವೇಶನ ಎಂದ ಕೂಡಲೇ ಎಲ್ಲರೂ ಅಗಲದ ಚಿಂತೆ ಹಚ್ಚಿಕೊಳ್ಳುತ್ತಾರೆ. ಆದರೆ 20 ಅಡಿ ಅಗಲದಲ್ಲಿ ಒಳ್ಳೆಯ ಕೋಣೆಗಳು ಧಾರಾಳವಾಗಿ ಕೂರುತ್ತವೆ. ಕಷ್ಟ ಇರುವುದು ಉದ್ದದಲ್ಲಿ, ಅದರಲ್ಲೂ ನಡುಭಾಗದಲ್ಲಿ. ಕಿಟಕಿಯಿಂದ ಬರುವ ಹಗಲ ಬೆಳಕು ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಮೇಲಂಚು 7 ಅಡಿಯಲ್ಲಿದ್ದರೆ 14ರಿಂದ 17 ಅಡಿ. ಮುಂದಿನಿಂದ ಅಷ್ಟು, ಹಿಂದಿನಿಂದ ಅಷ್ಟು ಕಳೆದರೆ 50 ಅಡಿಯ ಮನೆಯಲ್ಲಿ ನಡುವಿನ 16ರಿಂದ 22 ಅಡಿ ಕತ್ತಲಲ್ಲೇ ಉಳಿಯಿತು. ಇದೂ ನಡುವೆ ಗೋಡೆಗಳೇ ಇಲ್ಲ ಎಂದುಕೊಂಡು ಹಾಕಿದ ಲೆಕ್ಕ; ಗೋಡೆ ಬಂದ ಮೇಲೆ ಕತ್ತಲು ಇನ್ನಷ್ಟು ಮುಂದಕ್ಕೆ ಬರುತ್ತದೆ. ಗಾಳಿಯ ಕತೆಯೂ ಇದೇ. ಒಂದೇ ಕಡೆ ಕಿಟಕಿಯಿರುವ ಕೋಣೆಯಲ್ಲಿ ಗಾಳಿ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಅದಕ್ಕೆ ಹೊರಹೋಗುವ ಇನ್ನೊಂದು ಬಾಯಿ ಬೇಕು.

ಆದ್ದರಿಂದ ಕೋಣೆಗಳನ್ನು ಜೋಡಿಸುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ಎರಡನ್ನು ಗಟ್ಟಿ ಮಾಡಿಕೊಳ್ಳಿ: ಆಕಾಶ ಕಾಣುವ ಜಾಗ ಎಲ್ಲಿ, ಮೆಟ್ಟಿಲು ಎಲ್ಲಿ. ಇವೆರಡೂ ಮನೆಯ ನಡುವೆ, ಒಂದೇ ಪಟ್ಟಿಯಲ್ಲಿ, ಒಂದರ ಪಕ್ಕ ಒಂದು ಇರಲಿ. ಆಮೇಲೆ ಕೋಣೆಗಳು ತಾವಾಗಿಯೇ ಮುಂದೆ ಒಂದಷ್ಟು, ಹಿಂದೆ ಒಂದಷ್ಟು ಹಂಚಿಹೋಗುತ್ತವೆ. ಉದ್ದನೆಯ ದಾರಿಯ ಅಗತ್ಯವೇ ಬೀಳುವುದಿಲ್ಲ. ಇದೇನೂ ನನ್ನ ಆವಿಷ್ಕಾರವಲ್ಲ. ಕ್ಯೋಟೋ ನಗರದ ಹಳೆಯ ವರ್ತಕರ ಮನೆಗಳು, ಹನೋಯ್‌ನ ಹಳೆಯ ಪೇಟೆಯ ಕೊಳವೆಯಂಥ ಮನೆಗಳು, ಸಿಂಗಪುರದ ಅಂಗಡಿಮನೆಗಳು ಎಲ್ಲವೂ ಬೀದಿಗೆ ಕಿರಿದಾಗಿ, ಒಳಕ್ಕೆ ಉದ್ದವಾಗಿ ಹೋಗುವಂಥವು. ಎಲ್ಲವೂ ನಡುವೆ ಆಕಾಶಕ್ಕೆ ಬಾಯಿ ತೆರೆದುಕೊಂಡೇ ಬದುಕಿದವು. ಒಸಾಕದಲ್ಲಿ ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ 1976ರಲ್ಲಿ ಕಟ್ಟಿದ ಸುಮಿಯೋಶಿಯ ಮನೆ ನಿಮ್ಮದಕ್ಕಿಂತಲೂ ಇಕ್ಕಟ್ಟು: ಸುಮಾರು 11 ಅಡಿ ಅಗಲ, 46 ಅಡಿ ಉದ್ದ. ಆತ ಅದನ್ನು ಮೂರು ಸಮಪಾಲು ಮಾಡಿ ನಡುವಿನ ಪಾಲನ್ನು ಪೂರ್ತಿ ಬಯಲಾಗಿ ಬಿಟ್ಟ. ಮಳೆಗಾಲದಲ್ಲಿ ಆ ಮನೆಯವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಕೊಡೆ ಹಿಡಿದು ಹೋಗಬೇಕು. ಮಂಡಿನೋವಿನ ತಂದೆಯಿರುವ ಮನೆಗೆ ಅಷ್ಟು ಧೈರ್ಯ ಬೇಡ. ಆದರೆ ಅಷ್ಟು ಕಿರಿದರಲ್ಲೂ ಮೂರನೇ ಒಂದು ಪಾಲು ಬಯಲು ಬಿಟ್ಟ ಮೇಲೂ ಮನೆ ಮನೆಯಾಗಿಯೇ ಉಳಿಯಿತು ಎಂಬುದನ್ನು ನಿಮ್ಮ ನಕ್ಷೆಯವರಿಗೆ ಹೇಳಿ ನೋಡಿ.

ಅಂಗಳದ ಅಳತೆಯಲ್ಲಿ ಜಿಪುಣತನ ಮಾಡಬೇಡಿ. ಮೂರಡಿಗೆ ಮೂರಡಿಯ ‘ಡಕ್ಟ್’ ಬಿಟ್ಟು ಬೆಳಕು ಬರುತ್ತದೆ ಎಂದು ಸಮಾಧಾನ ಹೇಳುವವರು ಬಹಳ ಮಂದಿ. ಎರಡು ಅಂತಸ್ತು, ಅದರ ಮೇಲೆ ಮೂರಡಿ ಪ್ಯಾರಾಪೆಟ್ ಸೇರಿ 23 ಅಡಿ ಆಳದ ಗುಂಡಿಯ ತಳಕ್ಕೆ ಮೂರಡಿಯ ಬಾಯಿಂದ ಇಳಿಯುವ ಬೆಳಕು ಅಷ್ಟಕ್ಕಷ್ಟೆ. ಅದು ಬಚ್ಚಲಿನ ಪೈಪು ಇಳಿಸಲು ಸರಿ, ಮನುಷ್ಯರಿಗಲ್ಲ. ನಿಮ್ಮ ಅಗಲಕ್ಕೆ ಏಳೂವರೆ ಅಡಿಗೆ 10 ಅಡಿ ನಾನು ಒಪ್ಪುವ ಅಳತೆ. ಒಂದು ಸರಳ ಪರೀಕ್ಷೆಯಿದೆ. ಊಟದ ಮೇಜು ಬರುವ ಜಾಗದಲ್ಲಿ ಕುಳಿತವರ ಕಣ್ಣಿನಿಂದ, ಅಂದರೆ ನೆಲದಿಂದ ಸುಮಾರು ನಾಲ್ಕಡಿ ಎತ್ತರದಿಂದ, ಅಂಗಳದ ಎದುರು ಗೋಡೆಯ ನೆತ್ತಿಯವರೆಗೆ, ಮನೆಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಚಿತ್ರದ ಮೇಲೆ ಒಂದು ಗೆರೆ ಎಳೆಯಿರಿ. ಆ ಗೆರೆಗೆ ಮೇಲಿನ ಸ್ಲ್ಯಾಬ್ ಅಡ್ಡ ಬಂದರೆ ಅಲ್ಲಿಂದ ಆಕಾಶ ಕಾಣುವುದಿಲ್ಲ, ಬರುವುದು ಗೋಡೆಗಳಿಂದ ಪುಟಿದ ಬೆಳಕು ಮಾತ್ರ. ಅಂಥ ಕಡೆಗಳಲ್ಲೂ ಕೆಲಸ ಸಾಗಬೇಕಾದರೆ ಅಂಗಳದ ಒಳಗೋಡೆಗಳಿಗೆ ಬಿಳಿ ಬಣ್ಣವೇ ಬೇಕು. ಕಲ್ಲಿನ ಹೊದಿಕೆ, ಕಂದು ಟೈಲ್ಸ್ ಚಿತ್ರದಲ್ಲಿ ಚೆಂದ, ಬೆಳಕಿಗೆ ವೈರಿ. ತಾರಸಿಯಲ್ಲಿ ಅಂಗಳದ ಸುತ್ತ ಗೋಡೆಯ ಪ್ಯಾರಾಪೆಟ್ ಬದಲು ಕಬ್ಬಿಣದ ಕಟಕಟೆ ಹಾಕಿ; ಖರ್ಚಿಲ್ಲದೆ ಮೂರಡಿಯ ಬೆಳಕು ಸಿಕ್ಕಿತು.

ಮಳೆಗೆ ಮೇಲೆ ಗಾಜು ಅಥವಾ ಪಾಲಿಕಾರ್ಬೊನೇಟ್ ಹಾಳೆ ಹೊದಿಸುವುದಾದರೆ ಅದನ್ನು ತಾರಸಿಯ ಮಟ್ಟಕ್ಕೆ ಮುಚ್ಚಿಬಿಡಬೇಡಿ. ಒಂದೂವರೆ ಅಡಿ ಎತ್ತರಿಸಿ, ನಾಲ್ಕೂ ಬದಿ ತೆರೆದಿಟ್ಟು, ಅಂಚನ್ನು ಹೊರಕ್ಕೆ ಚಾಚಿಸಿ. ಮನೆಯೊಳಗಿನ ಬಿಸಿಗಾಳಿ ಹಗುರಾಗಿ ಮೇಲೇರಿ ಆ ಸಂದಿಯಿಂದ ಹೊರಹೋಗುತ್ತದೆ, ಅದರ ಜಾಗಕ್ಕೆ ಮುಂದಿನ ಹಿಂದಿನ ಕಿಟಕಿಗಳಿಂದ ತಂಪುಗಾಳಿ ಒಳಬರುತ್ತದೆ. ಸಂದಿ ಮುಚ್ಚಿದಿರೋ, ಅದೇ ಅಂಗಳ ಬಿಸಿಲಿನ ಪೆಟ್ಟಿಗೆಯಾಗಿ ಇಡೀ ಮನೆಯನ್ನು ಬೇಯಿಸುತ್ತದೆ. ಅಂಗಳದ ನೆಲ ಮನೆಯ ನೆಲಕ್ಕಿಂತ ಎರಡು ಮೂರು ಇಂಚು ತಗ್ಗಿರಲಿ, ನೀರು ಹೋಗಲು ಎರಡು ಬಾಯಿ ಇರಲಿ. ಒಂದೇ ಬಾಯಿಗೆ ಎಲೆ ಕಸ ಕಟ್ಟಿಕೊಂಡ ದಿನ ನೀರು ಹಾಲ್‌ಗೆ ನುಗ್ಗುತ್ತದೆ.

ಇನ್ನು ಮೆಟ್ಟಿಲು. ನಕ್ಷೆಯಲ್ಲಿ ಒಂದು ಚೌಕ, ಅದರೊಳಗೆ ನಾಲ್ಕು ಗೆರೆ, ಒಂದು ಬಾಣ ಎಳೆದು ಮುಗಿಸುವ ಜಾಗ ಇದು. ನೀವೇ ಎಣಿಸಿ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಎಂದರೆ 120 ಇಂಚು. ಒಂದು ಮೆಟ್ಟಿಲ ಎತ್ತರ 7 ಇಂಚಿನ ಆಸುಪಾಸು ಇಟ್ಟರೆ 17 ಏರುಗಳು. ಕಾಲಿಡುವ ಹಲಗೆ 10 ಇಂಚು. ಎತ್ತರದ ಎರಡರಷ್ಟಕ್ಕೆ ಹಲಗೆಯ ಅಗಲ ಕೂಡಿದರೆ 24 ಇಂಚಿನ ಹತ್ತಿರ ಬರಬೇಕು ಎಂಬುದು ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ 17ನೇ ಶತಮಾನದಲ್ಲಿ ಕೊಟ್ಟ ಸೂತ್ರ, ಇಂದಿಗೂ ನಡೆಯುತ್ತಿದೆ. 7, 7, 10 ಕೂಡಿದರೆ 24. ಅರ್ಧಕ್ಕೆ ತಿರುಗುವ ಮೆಟ್ಟಿಲಾದರೆ ಕೆಳಸಾಲಿಗೆ 9 ಏರು, ಮೇಲಿನದಕ್ಕೆ 8. ಕೆಳಸಾಲಿಗೆ 8 ಹಲಗೆ, 80 ಇಂಚು. ನಡುವಿನ ಕಟ್ಟೆ 36 ಇಂಚು. ಒಟ್ಟು 9 ಅಡಿ 8 ಇಂಚು ಉದ್ದ. ಎರಡು ಸಾಲು ಪಕ್ಕಪಕ್ಕ ಬಂದರೆ ಆರೂವರೆ ಅಡಿ ಅಗಲ. ನಾನು ನಡುವಿನ ಪಟ್ಟಿಯನ್ನು 10 ಅಡಿ ಎಂದದ್ದು ಈ ಲೆಕ್ಕದ ಮೇಲೆಯೇ. ಎತ್ತರ ಚೆನ್ನಾಗಿರಲಿ ಎಂದು ಅಂತಸ್ತನ್ನು 11 ಅಡಿ ಮಾಡಿದರೆ 19 ಏರು ಬೇಕಾಗುತ್ತದೆ, ಮೆಟ್ಟಿಲಿನ ಉದ್ದ 10 ಅಡಿ 6 ಇಂಚಿಗೆ ಹೋಗುತ್ತದೆ, ಪಟ್ಟಿಯಲ್ಲಿ ಕೂರುವುದಿಲ್ಲ. ಆಗ ಕಟ್ಟುವವರು ಮಾಡುವುದು ಒಂದೇ: ಹಲಗೆಯನ್ನು 9 ಇಂಚಿಗೆ ಇಳಿಸಿ, ಎತ್ತರವನ್ನು ಎಂಟಕ್ಕೆ ಏರಿಸಿಬಿಡುತ್ತಾರೆ. ಅದನ್ನು ಹತ್ತಿ ಇಳಿಯಬೇಕಾದವರು ನೀವು.

ಮೆಟ್ಟಿಲಿನ ಕೆಳಗೆ ಶೌಚಾಲಯ ತೋರಿಸಿದ್ದರೆ ಅದನ್ನೂ ಅಳೆಯಿರಿ. 9 ಏರಿನ ಮೇಲಿನ ಕಟ್ಟೆ ನೆಲದಿಂದ 5 ಅಡಿ 3 ಇಂಚಿನಲ್ಲಿ ಬರುತ್ತದೆ; ಕಟ್ಟೆಯ ದಪ್ಪ ಕಳೆದರೆ ಕೆಳಗೆ ಉಳಿಯುವುದು ನಾಲ್ಕೂಮುಕ್ಕಾಲು ಅಡಿ. ಅಲ್ಲಿ ತಲೆ ಎತ್ತಿ ನಿಲ್ಲುವವರು ನಿಮ್ಮ ಮನೆಯಲ್ಲಿ ಮಕ್ಕಳು ಮಾತ್ರ, ಅದೂ ಕೆಲವೇ ವರ್ಷ. ಇನ್ವರ್ಟರ್, ಪೆಟ್ಟಿಗೆ, ಪೊರಕೆಗೆ ಆ ಜಾಗ ಚೆನ್ನಾಗಿ ಒಗ್ಗುತ್ತದೆ.

ಮೆಟ್ಟಿಲು ಮನೆಯ ಮುಂಭಾಗದಲ್ಲಿರಲಿ, ಮುಂದೆಂದಾದರೂ ಮೇಲಿನ ಮಹಡಿ ಬಾಡಿಗೆಗೆ ಕೊಡಬಹುದು ಎಂಬ ಸಲಹೆ ನಿಮಗೆ ಬರದೇ ಇರುವುದಿಲ್ಲ. ಆರೂವರೆ ಅಡಿ ಮೆಟ್ಟಿಲಿಗೆ, 9 ಅಡಿ ಕಾರಿಗೆ ಕೊಟ್ಟ ಮೇಲೆ ರಸ್ತೆಯ ಕಡೆಯ ಬೆಳಕಿಗೆ ಉಳಿಯುವುದು ಎರಡೂವರೆ ಅಡಿ. ಎಂದೋ ಬರಬಹುದಾದ ಬಾಡಿಗೆಗಾಗಿ ಇಂದಿನಿಂದಲೇ ಕತ್ತಲಲ್ಲಿರುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ ಹಿಂದಿನ ಭಾಗಗಳನ್ನು ಅರ್ಧ ಅಂತಸ್ತು ಮೇಲೆ ಕೆಳಗೆ ಮಾಡಿ, ಮೆಟ್ಟಿಲಿನ ಪ್ರತಿ ಕಟ್ಟೆಯಿಂದಲೂ ಕೋಣೆಗೆ ಪ್ರವೇಶ ಕೊಡುವ ವಿಧಾನವೂ ಇದೆ. ಜಾಗದ ಉಳಿತಾಯಕ್ಕೆ ಅದರಷ್ಟು ಜಾಣ ಉಪಾಯ ಇನ್ನೊಂದಿಲ್ಲ. ಆದರೆ ನೆಲ ಅಂತಸ್ತಿನಲ್ಲೇ ಎಂಟು ಮೆಟ್ಟಿಲು ಹತ್ತಬೇಕಾದ ಮನೆ ನಿಮ್ಮ ತಂದೆಯವರಿಗೆ ಆಗುವುದಿಲ್ಲ.

ಈಗ ಜೋಡಣೆ. ನೆರೆಗೋಡೆಯಿಂದ ಎರಡೆರಡು ಇಂಚು ಸಂದಿ ಬಿಟ್ಟು, 6 ಇಂಚಿನ ಬ್ಲಾಕ್ ಗೋಡೆ ಕಟ್ಟಿ, ಒಳಗೆ ಗಾರೆ ಬಳಿದರೆ ಕೈಗೆ ಸಿಗುವ ಅಗಲ ಸುಮಾರು ಹದಿನೆಂಟೂವರೆ ಅಡಿ. 9 ಇಂಚಿನ ಇಟ್ಟಿಗೆ ಗೋಡೆಯಾದರೆ ಅರ್ಧ ಅಡಿ ಕಡಿಮೆ. ಲೆಕ್ಕಕ್ಕೆ 18 ಎಂದೇ ಹಿಡಿಯೋಣ. ಮುಂದಿನಿಂದ ಹಿಂದಕ್ಕೆ 10, 14, 10, 16 ಅಡಿಯ ನಾಲ್ಕು ಪಟ್ಟಿಗಳು.

ಮೊದಲ ಪಟ್ಟಿಯಲ್ಲಿ ಒಂದು ಪಕ್ಕ 9 ಅಡಿ ಕಾರಿಗೆ. ಕಾರಿಗೆ 16 ಅಡಿ ಉದ್ದ ಬೇಕು. ಮುಂದೆ ಬಿಟ್ಟ 6 ಅಡಿಯಲ್ಲಿ ಕಾರು ನಿಲ್ಲಿಸಲು ನಿಯಮ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಒಪ್ಪದಿದ್ದರೆ ಈ ಪಟ್ಟಿ ಹಿಂದಕ್ಕೆ ಬೆಳೆದು ಹಾಲ್ ಕುಗ್ಗುತ್ತದೆ. ಇನ್ನೊಂದು ಪಕ್ಕದ ಉಳಿದ ಅಗಲ ಬಾಗಿಲಿಗೆ, ಕೂರುವ ಜಾಗಕ್ಕೆ, ರಸ್ತೆಯ ಕಡೆಗೆ ದೊಡ್ಡ ಕಿಟಕಿಗೆ. ಅದು ಗೋಡೆಯಿಲ್ಲದೆ ಎರಡನೇ ಪಟ್ಟಿಯ ಹಾಲ್‌ನೊಂದಿಗೆ ಕೂಡಿಕೊಳ್ಳಲಿ. ಎರಡನೇ ಪಟ್ಟಿಯ ಹಿಂದಿನ ಮೂಲೆಯಲ್ಲಿ, ಅಂಗಳದ ಕಡೆಗೆ, ಅಡುಗೆ ಮನೆ: 8 ಅಡಿ ಅಗಲ, 10 ಅಡಿ ಉದ್ದ. ಎರಡೂ ಬದಿ ಎರಡೆರಡು ಅಡಿಯ ಕಟ್ಟೆ ಹಾಕಿದರೂ ನಡುವೆ ನಾಲ್ಕಡಿ ಉಳಿಯುತ್ತದೆ, ಇಬ್ಬರು ಬೆನ್ನಿಗೆ ಬೆನ್ನು ತಾಗಿಸದೆ ಕೆಲಸ ಮಾಡಬಹುದು. ಅದರ ಕಿಟಕಿ ಅಂಗಳಕ್ಕೆ. ಹೊಗೆಯ ಕೊಳವೆಯನ್ನು ಮಾತ್ರ ಅಂಗಳಕ್ಕೆ ಬಿಡದೆ ತಾರಸಿಯ ಮೇಲಕ್ಕೆ ಒಯ್ಯಿರಿ, ಇಲ್ಲದಿದ್ದರೆ ಒಗ್ಗರಣೆಯ ಘಾಟು ಮೇಲಿನ ಕೋಣೆಗಳಿಗೆ ಹೋಗುತ್ತದೆ.

ಮೂರನೆಯದು ನಡುಪಟ್ಟಿ. ಒಂದು ಗೋಡೆಗೆ ಅಂಗಳ, ಇನ್ನೊಂದು ಗೋಡೆಗೆ ಮೆಟ್ಟಿಲು, ಎರಡರ ನಡುವೆ ಮೂರೂವರೆ ಅಡಿಯ ದಾರಿ. ಇಡೀ ಮನೆಯಲ್ಲಿ ದಾರಿ ಎಂದು ಇರುವುದು ಈ 10 ಅಡಿ ಮಾತ್ರ, ಅದೂ ಅಂಗಳದ ಬೆಳಕಿನಲ್ಲಿ.

ಕೊನೆಯ ಪಟ್ಟಿ ತಂದೆ ತಾಯಿಗೆ. ರಸ್ತೆಯ ಸದ್ದಿನಿಂದ ದೂರ, ಹಿಂದಿನ ನಾಲ್ಕಡಿ ಬಯಲಿಗೆ ಕಿಟಕಿ, ಹನ್ನೊಂದೂವರೆಗೆ ಹದಿನಾಲ್ಕೂವರೆ ಅಡಿಯ ಕೋಣೆ. ಪಕ್ಕದಲ್ಲಿ ಹಿಂಬದಿಗೆ 6 ಅಡಿಗೆ 8 ಅಡಿಯ ಬಚ್ಚಲು, ಅದರ ಮುಂದೆ ಅಂಗಳಕ್ಕೆ ತೆರೆದುಕೊಳ್ಳುವ 6 ಅಡಿ ಚೌಕದ ಬಟ್ಟೆ ಒಗೆಯುವ ಜಾಗ. ಬಚ್ಚಲಿಗೆ ಹೊಸ್ತಿಲು ಬೇಡ, ನೆಲದ ಇಳಿಜಾರೇ ನೀರನ್ನು ತಡೆಯಲಿ. ಬಾಗಿಲು ಒಳಕ್ಕೆ ತೆರೆಯುವಂತೆ ಇಡಬೇಡಿ. ವಯಸ್ಸಾದವರು ಒಳಗೆ ಜಾರಿ ಬಿದ್ದರೆ ಬಾಗಿಲಿಗೆ ಅಡ್ಡವಾಗುತ್ತಾರೆ, ಹೊರಗಿನಿಂದ ತಳ್ಳಿ ತೆರೆಯಲು ಆಗುವುದಿಲ್ಲ. ಜಾರುವ ಬಾಗಿಲು ಅಥವಾ ಹೊರಕ್ಕೆ ತೆರೆಯುವುದು ಒಳ್ಳೆಯದು. ಹಿಡಿಕೆಗಳನ್ನು ಈಗ ಹಾಕದಿದ್ದರೂ ಅವು ಬರುವ ಕಡೆ ಗೋಡೆಯನ್ನು ಗಟ್ಟಿ ಮಾಡಿಸಿಡಿ. ಬಂದುಹೋಗುವವರಿಗೆ ಬೇರೆ ಶೌಚಾಲಯ ಬೇಕೆಂದರೆ ಹಾಲ್‌ನ ಮುಂದಿನ ಮೂಲೆಯಲ್ಲಿ, ಕಾರಿನ ಹಿಂದೆ, 4 ಅಡಿಗೆ 5 ಅಡಿ ಸಾಕು.

ಮೇಲಿನ ಮಹಡಿಯಲ್ಲಿ ಕಾರಿನ ಮೇಲಿನ ಜಾಗವೂ ಸಿಗುತ್ತದೆ. ಮುಂದಿನ 14 ಅಡಿಯನ್ನು ಎರಡು ಮಾಡಿದರೆ ಮಕ್ಕಳಿಗೆ ಎಂಟೂಮುಕ್ಕಾಲು ಅಡಿ ಅಗಲದ ಒಂದೊಂದು ಕೋಣೆ, ಎರಡಕ್ಕೂ ರಸ್ತೆಯ ಕಡೆ ಕಿಟಕಿ. ಅವರ ಹಿಂದಿನ 10 ಅಡಿಯಲ್ಲಿ, ಅಡುಗೆ ಮನೆಯ ನೆತ್ತಿಗೆ ಒಂದು ಬಚ್ಚಲು, ಉಳಿದದ್ದು ಅಂಗಳದ ಬೆಳಕು ಬೀಳುವ ಓದುವ ಜಾಗ. ಮೆಟ್ಟಿಲು ಹತ್ತಿ ಬಂದು ನಿಲ್ಲುವುದೂ ಇಲ್ಲಿಯೇ. ಹಿಂದೆ, ತಂದೆ ತಾಯಿಯ ಕೋಣೆಯ ಮೇಲೆ, ನಿಮ್ಮದು. ಮೂರು ಕೇಳಿದ್ದಿರಿ, ನಾಲ್ಕಾದವು. ಮಕ್ಕಳು ಚಿಕ್ಕವರಾಗಿರುವವರೆಗೆ ನಡುವಿನ ಗೋಡೆ ಕಟ್ಟದೆ ಒಂದೇ ಕೋಣೆಯಾಗಿ ಬಿಡಬಹುದು. ಆದರೆ ಎರಡು ಬಾಗಿಲು, ಎರಡು ಕಿಟಕಿ, ಎರಡು ಕಡೆಯ ಸ್ವಿಚ್‌ಬೋರ್ಡ್ ಈಗಲೇ ಇರಲಿ.

ಬಚ್ಚಲುಗಳು ಒಂದರ ಮೇಲೊಂದು, ಇಲ್ಲವೇ ಅಡುಗೆ ಮನೆಯ ಮೇಲೆ ಬಂದಿರುವುದನ್ನು ಗಮನಿಸಿ. ಪೈಪುಗಳು ಎರಡೇ ಕಡೆ ಇಳಿಯುತ್ತವೆ: ಹಿಂಗೋಡೆಯಲ್ಲಿ ಒಂದು, ಅಂಗಳದ ಮೂಲೆಯಲ್ಲಿ ಒಂದು. ಉದ್ದ ಮನೆಯಲ್ಲಿ ಎಲ್ಲರೂ ಮರೆಯುವುದು ಚರಂಡಿಯ ಇಳಿಜಾರನ್ನು. ಹಿಂದಿನ ಬಚ್ಚಲಿನಿಂದ ರಸ್ತೆಗೆ 56 ಅಡಿ. 4 ಇಂಚಿನ ಪೈಪಿಗೆ 60ಕ್ಕೆ 1ರ ಇಳಿಜಾರು ಕೊಟ್ಟರೂ ಹತ್ತಿರಹತ್ತಿರ ಒಂದು ಅಡಿ ತಗ್ಗಬೇಕು. 40ಕ್ಕೆ 1 ಕೊಟ್ಟರೆ 17 ಇಂಚು. ರಸ್ತೆಯ ಚರಂಡಿ ಎಷ್ಟು ಆಳದಲ್ಲಿದೆ ಎಂದು ಇಣುಕಿ ನೋಡದೆ ಪಾಯದ ಎತ್ತರ ನಿರ್ಧರಿಸಬೇಡಿ. ಆ ಪೈಪಿನ ತಪಾಸಣಾ ಗುಂಡಿಗಳು ಅಂಗಳದಲ್ಲಿ ಒಂದು, ಕಾರಿನ ಜಾಗದಲ್ಲಿ ಒಂದು ಬರಲಿ, ಹಾಲ್‌ನ ನೆಲದಡಿ ಖಂಡಿತ ಬೇಡ.

ಕಟ್ಟಡದ ಬಲದ ವಿಷಯ ಎಂಜಿನಿಯರ್ ನೋಡಬೇಕು, ಆದರೆ ಮೂರು ಮಾತು ನೀವೇ ಕೇಳಿ. ಪಿಲ್ಲರ್‌ಗಳ ಉದ್ದನೆಯ ಬದಿ ಪಕ್ಕದ ಗೋಡೆಯ ಜೊತೆಗೇ ಸಾಗಬೇಕು. ಅಡ್ಡ ತಿರುಗಿದರೆ ಪ್ರತಿ ಕೋಣೆಯೊಳಕ್ಕೂ ಅರ್ಧ ಅಡಿ ಚಾಚಿಕೊಂಡು ಬೀರು ಇಡಲು ಬಿಡುವುದಿಲ್ಲ. 18 ಅಡಿ ದಾಟುವ ಬೀಮ್ ಸುಮಾರು ಒಂದೂವರೆ ಅಡಿ ಆಳ ಬರುವುದರಿಂದ ಅದು ಎರಡು ಪಟ್ಟಿಗಳ ನಡುವಿನ ಗೋಡೆಯ ಮೇಲೇ ಇರಲಿ, ಮಂಚದ ಮೇಲೆ ತೂಗದಿರಲಿ. ಗಡಿಗೆ ತಾಗಿದ ಪಿಲ್ಲರಿನ ತಳಪಾಯ ನೆರೆಯವರ ನೆಲದೊಳಕ್ಕೆ ಹೋಗುವಂತಿಲ್ಲ, ಆದ್ದರಿಂದ ಅದು ಒಂದೇ ಪಕ್ಕಕ್ಕೆ ವಾಲಿದ ತಳಪಾಯವಾಗುತ್ತದೆ. ಅದನ್ನು ಎದುರಿನ ಪಿಲ್ಲರಿಗೆ ಬೀಮಿನಿಂದ ಕಟ್ಟುವ ವಿನ್ಯಾಸ ಬೇಕು. ಮಾಮೂಲಿ ಚೌಕದ ತಳಪಾಯ ಬರೆದಿದ್ದರೆ ನಿವೇಶನ ನೋಡದೆ ಬರೆದದ್ದು ಎಂದು ತಿಳಿಯಿರಿ. ನೆರೆಯವರ ಪಾಯದ ಪಕ್ಕ ಅಗೆಯುವಾಗ ಒಂದೇ ಸಲ ಉದ್ದಕ್ಕೂ ತೋಡಿಸಬೇಡಿ, ತುಂಡು ತುಂಡಾಗಿ ತೋಡಿ ತುಂಬಿಸುತ್ತ ಹೋಗಿ. ಎರಡು ಮನೆಗಳ ನಡುವಿನ ಸಂದಿಗೆ ಹೊರಗಾರೆ ಬಳಿಯಲು ಕೈ ಹೋಗುವುದಿಲ್ಲ, ಹಾಗಾಗಿ ತಾರಸಿಯ ಮಟ್ಟದಲ್ಲಿ ಅದರ ಬಾಯಿಗೆ ತಗಡಿನ ಮುಚ್ಚಳ ಹಾಕಿಸದಿದ್ದರೆ ಒಳಗೆ ಇಳಿದ ಮಳೆನೀರು ಎರಡೂ ಮನೆಗಳ ಗೋಡೆಯನ್ನು ತೇವ ಮಾಡುತ್ತದೆ.

ಹೊಸ ನಕ್ಷೆ ಕೈಗೆ ಬಂದಾಗ ಮೊದಲು ಅದರಲ್ಲಿ ಬರೆದ ಮಂಚವನ್ನು ಅಳೆಯಿರಿ. ಕೋಣೆ ದೊಡ್ಡದಾಗಿ ಕಾಣಲೆಂದು ಇಬ್ಬರು ಮಲಗುವ ಮಂಚವನ್ನು ನಾಲ್ಕೂವರೆ ಅಡಿಗೆ ಬರೆಯುವ ಅಭ್ಯಾಸ ಕೆಲವರಿಗಿದೆ. 6 ಅಡಿಗೆ ಆರೂವರೆ ಅಡಿಯ ಮಂಚ, ಅದರ ಸುತ್ತ ಓಡಾಡಲು ಎರಡಡಿ, ಎರಡಡಿ ಆಳದ ಬೀರು, ಬೀರುವಿನ ಬಾಗಿಲು ತೆರೆಯಲು ಮತ್ತೆರಡಡಿ: ಇವನ್ನು ಕಾಗದದಲ್ಲಿ ಕತ್ತರಿಸಿ ನಕ್ಷೆಯ ಮೇಲಿಟ್ಟು ನೋಡಿ. ಜೊತೆಗೆ ಮನೆಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಚಿತ್ರವನ್ನೂ ಕೇಳಿ ಪಡೆಯಿರಿ. ಕಿರಿದಾದ ಮನೆಯ ಬೆಳಕು, ಮೆಟ್ಟಿಲು, ಚರಂಡಿ ಮೂರೂ ಅರ್ಥವಾಗುವುದು ಆ ಚಿತ್ರದಲ್ಲಿ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಅಲ್ಲ.

ಎರಡು ವಿವರ ನಿಮ್ಮ ಪತ್ರದಲ್ಲಿಲ್ಲ. ನಿವೇಶನದ ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಟೇಪ್ ಹಿಡಿದು ಅಳೆಯಿರಿ. ನೆರೆಯವರ ಗೋಡೆ ಎದ್ದ ಮೇಲೆ ದಾಖಲೆಯ 20 ಅಡಿ ನೆಲದ ಮೇಲೆ ಹತ್ತೊಂಬತ್ತೂವರೆ ಆಗಿರುವುದು ಅಪರೂಪವಲ್ಲ. ಹಾಗಿದ್ದರೆ ಕಡಿತವನ್ನು ಅಂಗಳದಲ್ಲಿ ಮಾಡಿ, ಮೆಟ್ಟಿಲಿನಲ್ಲಿ ಮಾಡಬೇಡಿ. ಮತ್ತೆ, ರಸ್ತೆ ಯಾವ ದಿಕ್ಕಿಗಿದೆ? ಪಕ್ಕದ ಗೋಡೆಗಳಲ್ಲೊಂದು ಪಶ್ಚಿಮಕ್ಕೆ ಬರುವುದಾದರೆ, ಮೆಟ್ಟಿಲನ್ನು ಆ ಗೋಡೆಗೆ, ಅಂಗಳವನ್ನು ಪೂರ್ವದ ಗೋಡೆಗೆ ಇಡಿ. ನೆರೆಮನೆಯ ತಲೆಯ ಮೇಲಿಂದ ಬರುವ ಸಂಜೆಯ ಬಿಸಿಲು ಮೇಲಂತಸ್ತಿನಲ್ಲಿ ಮೆಟ್ಟಿಲಿನ ಗೋಡೆಗೆ ಬಡಿಯುತ್ತದೆ, ಮಲಗುವ ಕೋಣೆಗಳಿಗೆ ತಾಗುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ರಸ್ತೆಯೇ ಪಶ್ಚಿಮಕ್ಕಿದ್ದರೆ ಮಕ್ಕಳ ಕೋಣೆಗಳ ಕಿಟಕಿಗೆ ಎರಡಡಿಯ ಸಜ್ಜೆಯೊಂದೇ ಸಾಲದು, ಇಳಿಬಿಸಿಲು ಅದರ ಕೆಳಗಿನಿಂದ ನುಗ್ಗುತ್ತದೆ. ಹೊರಗಡೆ ಲಂಬವಾದ ಪಟ್ಟಿಗಳು ಅಥವಾ ಜಾಲಿ ಬೇಕು. ಇವೆರಡನ್ನೂ ತಿಳಿದುಕೊಂಡ ಮೇಲೆಯೇ ನಕ್ಷೆಯವರಿಗೆ ಅಂತಿಮ ಗೆರೆ ಎಳೆಯಲು ಹೇಳಿ.